ಸಹಾಯ ಬೇಕು: ಬಡಾವಣೆ ರಸ್ತೆ ಪರಿಶೀಲನಾ ಸಭೆಗೆ ಏನೇನು ದಾಖಲೆ ಒಯ್ಯಬೇಕು?

ಎಲ್ಲರಿಗೂ ನಮಸ್ಕಾರ. ಮೈಸೂರು ಹೊರವಲಯದ ಖಾಸಗಿ ಬಡಾವಣೆಯೊಂದರಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಮೂರು ವರ್ಷವಾದರೂ ಡಾಂಬರು ಬಿದ್ದಿಲ್ಲ. ಜಲ್ಲಿ ಹರಡಿ ಹೋದವರು ತಿರುಗಿ ನೋಡಿಲ್ಲ. ಒಳಚರಂಡಿಯ ಮ್ಯಾನ್‌ಹೋಲ್‌ಗಳು ನೆಲದಿಂದ ಒಂದಡಿ ಮೇಲೆದ್ದು ನಿಂತಿವೆ. ಮಳೆ ಬಂದರೆ ಆಟೋದವರು ಬಡಾವಣೆಯ ಪ್ರವೇಶದ ಕಮಾನಿನ ಹತ್ತಿರವೇ ಇಳಿಸಿಬಿಡುತ್ತಾರೆ. ಮೊನ್ನೆ ಡಯಾಲಿಸಿಸ್ ಮುಗಿಸಿಕೊಂಡು ಬಂದ ನಮ್ಮಮ್ಮನನ್ನು ಅಲ್ಲಿಂದ ಕೆಸರಿನಲ್ಲಿ ಕೈಹಿಡಿದು ನಡೆಸಿಕೊಂಡು ಬಂದೆ. ಆ ಸಂಕಟ ಯಾರಿಗೂ ಬೇಡ.

ಈಗ ಮುಂದಿನ ವಾರ ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬಂದು, ಡೆವಲಪರ್ ಮತ್ತು ನಿವಾಸಿಗಳನ್ನು ಕೂರಿಸಿ ಸಭೆ ಮಾಡುತ್ತಾರಂತೆ. ಬರಿಗೈಯಲ್ಲಿ ಹೋದರೆ ಮತ್ತೆ ಬರೀ ಭರವಸೆ ಸಿಗುತ್ತದೆ, ಅಷ್ಟೇ. ಕ್ರಯಪತ್ರ, ಅನುಮೋದಿತ ನಕ್ಷೆಯ ಪ್ರತಿ, ಫೋಟೋಗಳು ಇವೆ. ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 2(ಜೆ) ಅಡಿ ಕಾಮಗಾರಿ ಕಡತ ನೋಡಲು ಅರ್ಜಿಯನ್ನೂ ಹಾಕಿದ್ದೇನೆ, ಆದರೆ ಉತ್ತರಕ್ಕೆ 30 ದಿನ ಕಾಲಾವಕಾಶ ಇದೆ, ಸಭೆಯೊಳಗೆ ಬರುವುದು ಅನುಮಾನ.

ಇಂಥ ಸಭೆಯಲ್ಲಿ ಕೆಲಸ ಮುಗಿಸುವ ದಿನಾಂಕವನ್ನು ನಡಾವಳಿಯಲ್ಲಿ ಬರೆಸಿಕೊಂಡವರು ಯಾರಾದರೂ ಇದ್ದೀರಾ? ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಸೆಕ್ಷನ್ 31ರಡಿ ಈಗಲೇ ದೂರು ಕೊಡಬೇಕೋ, ಸಭೆ ಮುಗಿಯಲೆಂದು ಕಾಯಬೇಕೋ? ಮನವಿ ಪತ್ರದ ಮಾದರಿ ಇದ್ದರೆ ದಯವಿಟ್ಟು ಇಲ್ಲೇ ಹಾಕಿ. ಭಾನುವಾರ ಅಕ್ಕಪಕ್ಕದವರೆಲ್ಲ ಸೇರಿ ಸಹಿ ಹಾಕುತ್ತಿದ್ದೇವೆ.