ಚಾರ್ಮಾಡಿ ಹತ್ತದ ಪಿಕಪ್: ಕೇಸ್ ಹಾಕಿದವರು ಹೇಳಿ

ಮೂಡಿಗೆರೆಯಿಂದ: ಮಂಗಳೂರು ದಕ್ಕೆಯಿಂದ (ಮೀನು ಬಂದರು) ಮೀನು ತರ್ತೀನಿ. ಪಿಕಪ್ ತಗೊಂಡು ಹನ್ನೊಂದು ತಿಂಗಳು. ಲೋಡ್ ಇದ್ರೆ ಚಾರ್ಮಾಡಿ ಘಾಟಿ ಅರ್ಧಕ್ಕೇ ಎಂಜಿನ್ ಹೀಟು, ಕೂಲೆಂಟ್ ಖಾಲಿ. ಕಂಪನಿ ಸರ್ವೀಸ್‌ನೋರು ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಕೆಳಗಿನ ಸೀಲು) ಎರಡು ಸಲ ಹಾಕಿದ್ರು. ಮೂರನೇ ಸಲ ‘ಓವರ್‌ಲೋಡ್ ಮಾಡ್ತೀರಿ, ವಾರಂಟಿ ಬರಲ್ಲ’ ಅಂದ್ರು. ಕಂತು ಮಾತ್ರ ತಪ್ಪಿಲ್ಲ. ಗ್ರಾಹಕರ ಕೋರ್ಟಲ್ಲಿ ನಮ್ಮಂಥೋರ ಮಾತು ನಡೆಯುತ್ತಾ?

ಹಾಸನದಿಂದ: ನಡೆಯುತ್ತೆ ಅಣ್ಣ, ನಂದು ನಡೀತು. ಆದ್ರೆ ಎದುರಿನ ವಕೀಲರು ಎಂಜಿನ್ ಸುದ್ದಿಗೇ ಬರಲ್ಲ, ‘ಇದು ಬಾಡಿಗೆ ಗಾಡಿ, ಇವರು ಗ್ರಾಹಕರೇ ಅಲ್ಲ’ ಅಂತ ಶುರು ಮಾಡ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರಕ್ಕೆ ಕೊಂಡಿದ್ದು ಹೊರಗೆ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೇ ಅಂತ ಕೊಂಡಿದ್ದು ಒಳಗೆ. ‘ಇದೊಂದೇ ಗಾಡಿ, ನಾನೇ ಓಡಿಸ್ತೀನಿ, ಇದೇ ಜೀವನೋಪಾಯ’ ಅಂತ ದೂರಿನ ಮೊದಲ ಪುಟದಲ್ಲೇ ಬರೆದು ಡಿಎಲ್ ನಕಲು ಇಟ್ಟೆ.

ಗಾಡಿ ಕೊಂಡಿದ್ದು ಬೆಂಗಳೂರಲ್ಲಿ, ಕೇಸ್ ಹಾಕಿದ್ದು ಹಾಸನದ ಜಿಲ್ಲಾ ಗ್ರಾಹಕ ಆಯೋಗದಲ್ಲಿ; ನಾವಿರೋ ಜಿಲ್ಲೆಯಲ್ಲೇ ಹಾಕಬಹುದು. ಗಾಡಿಗೆ ಕೊಟ್ಟಿದ್ದು 5ರಿಂದ 10 ಲಕ್ಷದೊಳಗಿದ್ರೆ ಶುಲ್ಕ 200 ರೂಪಾಯಿ. ವಕೀಲರು ಕಡ್ಡಾಯ ಅಲ್ಲ, ನಾನಂತೂ ಇಟ್ಕೊಂಡೆ. ಹೊಸ ಗಾಡಿ ಕೇಳಿದ್ದೆ. ತಜ್ಞರ ವರದಿ ನೋಡಿ ಹೊಸ ಎಂಜಿನ್, ಕೇಸಿನ ಖರ್ಚು ಕೊಡಿಸಿದ್ರು. ಎರಡು ವರ್ಷ ಹಿಡೀತು. ಗಾಡಿ ನಿಂತ ದಿನಗಳ ಬಾಡಿಗೆ ಬರಲಿಲ್ಲ. ನಾನು ಲೆಕ್ಕ ಬರೆದಿಟ್ಟಿದ್ರೆ ತಾನೇ!

ಶಿವಮೊಗ್ಗದಿಂದ: ನಾನು ಸೋತೋನು. ಮೂರು ಗಾಡಿ, ಮೂರಕ್ಕೂ ಡ್ರೈವರ್. ‘ಇದು ವ್ಯಾಪಾರ’ ಅನ್ನೋಕೆ ಎದುರಿನ ವಕೀಲರಿಗೆ ಅಷ್ಟೇ ಸಾಕಾಯ್ತು.

ಮೆಕ್ಯಾನಿಕ್ ಒಬ್ಬ: ಹೊರಗಡೆ ಹೆಡ್ ಬಿಚ್ಚಿಸಬೇಡಿ, ನನ್ನ ಹತ್ರಾನೂ ತರಬೇಡಿ. ವಾರಂಟಿ ಜೊತೆ ಸಾಕ್ಷಿನೂ ಹೋಗುತ್ತೆ. ಡಿಪ್‌ಸ್ಟಿಕ್ ಎಳೆದು ನೋಡಿ, ಆಯಿಲ್ ಹಾಲು ಬೆರೆಸಿದ ಕಾಫಿ ಥರ ಇದ್ರೆ ಕೂಲೆಂಟ್ ಸೇರಿದೆ, ಫೋಟೊ ತಗೊಳ್ಳಿ. ಹೆಡ್ ಫೇಸಿಂಗ್ (ಹೆಡ್‌ನ ತಳ ಸಮ ಇದೆಯಾ ಅಂತ) ಚೆಕ್ ಮಾಡಿದ್ರಾ, ಬರೀ ಗ್ಯಾಸ್ಕೆಟ್ ಹಾಕಿ ಕಳಿಸಿದ್ರಾ? ಜಾಬ್ ಕಾರ್ಡಲ್ಲಿ (ಗಾಡಿ ಸರ್ವೀಸಿಗೆ ಬಿಟ್ಟಾಗ ತೊಂದರೆ ಬರೆಯೋ ಚೀಟಿ) ‘ಜನರಲ್ ಚೆಕಪ್’ ಅಂತ ಗೀಚ್ತಾರೆ. ‘ಓವರ್‌ಹೀಟ್’ ಅಂತ ಬರೆಸದೆ ಸಹಿ ಹಾಕಬೇಡಿ.

ಹಾಸನದಿಂದ: ಹೌದು, ನನ್ನನ್ನ ಉಳಿಸಿದ್ದು ಜಾಬ್ ಕಾರ್ಡೇ. ಓವರ್‌ಲೋಡ್ ಮಾತಿಗೆ ತೂಕದ ಚೀಟಿ ಉತ್ತರ. ಐಸ್ ತೂಕಾನೂ ಸೇರಬೇಕು ಮತ್ತೆ. ತೊಂದರೆ ಶುರುವಾಗಿ ಎರಡು ವರ್ಷದೊಳಗೆ ದೂರು ಕೊಡಬೇಕು, ‘ಸರಿ ಮಾಡಿಕೊಡ್ತೀವಿ’ ಅನ್ನೋ ಮಾತು ನಂಬಿ ಕೂರಬೇಡಿ.

ಮೂಡಿಗೆರೆಯಿಂದ: ಡ್ಯಾಶ್‌ಬೋರ್ಡಲ್ಲಿ ಹುಡುಕಿದೆ. ತೂಕದ ಚೀಟಿ ಆರು ಸಿಕ್ತು. ಉಳಿದಿದ್ದು ಐಸ್ ನೀರಿಗೆ ನೆಂದು ಅಕ್ಷರ ಅಳಿಸಿಹೋಗಿವೆ. ನಾಳೆ ದಕ್ಕೆಗೆ ಹೋದಾಗ ವೇಬ್ರಿಡ್ಜ್‌ನೋರ ಪುಸ್ತಕದಲ್ಲಿ ಇದ್ಯಾ ಕೇಳ್ತೀನಿ.