ಹನ್ನೊಂದು ವರ್ಷ, ಒಂಬತ್ತು ಬದಲಾವಣೆ: ಬೆಂಗಳೂರಿಗೆ ಬರುವ ಮೊದಲು ಸುನಿಲ್ ಛೆಟ್ರಿ ಏಕಿಷ್ಟು ಕ್ಲಬ್ ಸುತ್ತಿದರು?

ಪ್ರಶ್ನೆ: ಹೊಸ ಪ್ರೇಕ್ಷಕ

ನಾನು ಫುಟ್‌ಬಾಲ್ ನೋಡತೊಡಗಿದ್ದು ತಡವಾಗಿ. 2019ರ ಮಾರ್ಚ್‌ನಲ್ಲಿ ಬೆಂಗಳೂರು ಎಫ್‌ಸಿ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೆಕೆ ಹೊಡೆದ ಗೋಲಿನಿಂದ ಗೋವಾವನ್ನು ಸೋಲಿಸಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆದ್ದ ರಾತ್ರಿಯೇ ನನ್ನ ಮೊದಲ ಪೂರ್ತಿ ಪಂದ್ಯ. ಆದ್ದರಿಂದ ಛೆಟ್ರಿ ಎಂದರೆ ನನಗೆ ನೀಲಿ ಅಂಗಿ, ಹನ್ನೊಂದನೇ ಸಂಖ್ಯೆ, ಒಂದೇ ಕ್ಲಬ್. ಮೊನ್ನೆ ಅವರ ಹಳೆಯ ಕ್ಲಬ್‌ಗಳ ಪಟ್ಟಿ ನೋಡಿ ಬೆರಗಾದೆ. ಮೋಹನ್ ಬಾಗಾನ್, ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕನ್ಸಾಸ್ ಸಿಟಿ ವಿಝರ್ಡ್ಸ್, ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಾಗಾನ್, ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನ ಬಿ (ಎರಡನೇ) ತಂಡ, ಚರ್ಚಿಲ್ ಬ್ರದರ್ಸ್. ಇವೆಲ್ಲ 2002ರಿಂದ 2013ರೊಳಗೆ.

ಕೇಳಲು ಕಾರಣವಿದೆ. ನನ್ನ ತಂಗಿಗೆ ಹದಿನಾರು ವರ್ಷ, ಸ್ಟ್ರೈಕರ್. ಎರಡು ವರ್ಷಗಳಲ್ಲಿ ಎರಡು ಸಲ ಕ್ಲಬ್ ಬದಲಿಸಿದ್ದಾಳೆ. ‘ಒಂದು ಕಡೆ ನಿಲ್ಲದವಳು’ ಎಂಬ ಮಾತು ಅವಳ ಕಿವಿಗೆ ಬಿದ್ದಿದೆ, ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ. ಇಷ್ಟು ದೊಡ್ಡ ಆಟಗಾರ ಏಕೆ ಹೀಗೆ ಅಲೆದರು? ಹೊರದೇಶದ ಆ ಎರಡು ಯತ್ನಗಳು ವ್ಯರ್ಥವಾದವೇ? ಆಗಿನ ದಿನಗಳನ್ನು ಕಂಡವರು ಯಾರಾದರೂ ಹೇಳಿ.

ಉತ್ತರ: ಮೆಟ್ಟಿಲ ಮೇಲೆ ಕುಳಿತವನು

ನಾನು ಅವರನ್ನು ನೀಲಿ ಅಂಗಿಯಲ್ಲಿ ಮೊದಲು ನೋಡಿದ್ದು 2013ರ ಸೆಪ್ಟೆಂಬರ್ 22ರಂದು, ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ಕುಳಿತು. ಕಂಠೀರವ ಆಗಿನ್ನೂ ನಮ್ಮದಾಗಿರಲಿಲ್ಲ. ಆಗ ದೇಶದ ಮೊದಲ ದರ್ಜೆಯ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ ಹೊಸ ಕ್ಲಬ್‌ನ ಮೊದಲ ಪಂದ್ಯ, ಎದುರಿಗೆ ಮೋಹನ್ ಬಾಗಾನ್. 1-1ರಲ್ಲಿ ಮುಗಿಯಿತು. ಛೆಟ್ರಿಗೆ ಹದಿನೇಳು ವರ್ಷವಿದ್ದಾಗ ಮೊದಲ ದೊಡ್ಡ ಅವಕಾಶ ಕೊಟ್ಟ ತಂಡವೇ ಅಂದು ಎದುರು ನಿಂತಿತ್ತು. ಅದು ನನಗೆ ಅಂದು ಹೊಳೆದಿರಲಿಲ್ಲ. ಆಮೇಲೆ ಓದಿ ತಿಳಿದಾಗ ಮೈ ಜುಮ್ಮೆಂದಿತು.

ನಿಮ್ಮ ಪಟ್ಟಿಯನ್ನು ಸ್ವಲ್ಪ ಬೇರೆ ರೀತಿ ಓದಿ. ಆ ಸಾಲಿನಲ್ಲಿ ಅವರು ನಿಜವಾಗಿ ನೆಲೆ ನಿಂತದ್ದು ಪಂಜಾಬಿನ ಜೆಸಿಟಿಯಲ್ಲಿ, 2005ರಿಂದ 2008ರವರೆಗೆ. ಬಟ್ಟೆ ಗಿರಣಿಯೊಂದರ ತಂಡ ಅದು, 1996-97ರ ಮೊದಲ ರಾಷ್ಟ್ರೀಯ ಲೀಗ್‌ನ ಚಾಂಪಿಯನ್. ಛೆಟ್ರಿ 2005ರಲ್ಲೇ ಭಾರತ ತಂಡಕ್ಕೆ ಬಂದರು, ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಆಡಿದ ಮೊದಲ ಪಂದ್ಯದಲ್ಲೇ ಗೋಲು ಹೊಡೆದರು. 2007ರಲ್ಲಿ ದೇಶದ ವರ್ಷದ ಆಟಗಾರ ಎನಿಸಿಕೊಂಡರು. ಆ ಜೆಸಿಟಿ 2011ರಲ್ಲಿ ಬಾಗಿಲು ಮುಚ್ಚಿತು. ಡೆಂಪೊ 2016ರಲ್ಲಿ ಐ-ಲೀಗ್‌ನಿಂದ ಹೊರನಡೆಯಿತು. ಮನೆಯೇ ಕುಸಿಯುವ ಊರಿನಲ್ಲಿ ‘ಒಂದೇ ಮನೆಯಲ್ಲಿ ಏಕೆ ಇರಲಿಲ್ಲ’ ಎಂದು ಯಾರನ್ನು ಕೇಳುವುದು?

ಆದರೆ ನನಗೆ ಮುಖ್ಯವೆನಿಸುವುದು ಮತ್ತೊಂದು ಸಂಗತಿ. ಆ ವರ್ಷಗಳಲ್ಲಿ ನಮ್ಮ ದೊಡ್ಡ ಕ್ಲಬ್‌ಗಳೆಲ್ಲ ಮುಂಚೂಣಿಯ ನಡುವಿನ ಜಾಗಕ್ಕೆ ವಿದೇಶಿ ಆಟಗಾರನನ್ನೇ ತರುತ್ತಿದ್ದವು. ಮೋಹನ್ ಬಾಗಾನ್‌ಗೆ ಹುಡುಗನಾಗಿ ಬಂದಾಗ ಅಲ್ಲಿ ಬ್ರೆಜಿಲ್‌ನ ಬ್ಯಾರೆಟೊ ಇದ್ದರು. ಡೆಂಪೊದಲ್ಲಿ ರಾಂಟಿ ಮಾರ್ಟಿನ್ಸ್. 2011ರಲ್ಲಿ ಮತ್ತೆ ಮೋಹನ್ ಬಾಗಾನ್‌ಗೆ ಹೋದಾಗ ಒಡಾಫಾ ಒಕೊಲಿ. ನಡುವಿನ ಜಾಗ ಎಂದೂ ಖಾಲಿ ಇರಲಿಲ್ಲ. ಗೋಲು ಹೊಡೆಯಬೇಕೆಂಬ ಹಸಿವಿರುವ ಭಾರತೀಯ ಹುಡುಗ ಎಡ ಅಂಚಿಗೋ ಒಂದು ಹೆಜ್ಜೆ ಹಿಂದಕ್ಕೋ ಸರಿದು, ಅಲ್ಲಿಂದ ಪೆನಾಲ್ಟಿ ಆವರಣಕ್ಕೆ ಯಾವ ಗಳಿಗೆಯಲ್ಲಿ ನುಗ್ಗಬೇಕು ಎಂಬುದನ್ನು ಕಲಿಯಬೇಕಿತ್ತು. ಛೆಟ್ರಿ ಕಲಿತರು. ಬೆಂಗಳೂರಿನಲ್ಲಿ ನಾವು ಚಪ್ಪಾಳೆ ತಟ್ಟಿದ್ದು ಆ ಕಲಿಕೆಗೇ. 2017-18ರ ಐಎಸ್‌ಎಲ್ ನೆನಪಿಸಿಕೊಳ್ಳಿ: ನಡುವೆ ವೆನೆಜುವೆಲಾದ ಮಿಕು, ಎಡಕ್ಕೆ ಛೆಟ್ರಿ. ಮಿಕು 15 ಗೋಲು, ಇವರು 14. ಅಂಚಿನಲ್ಲಿ ನಿಂತವರು ನಡುವಿನವರಿಗಿಂತ ಒಂದೇ ಗೋಲು ಕಡಿಮೆ!

ಇದು ಒಂದೇ ಕ್ಲಬ್‌ನಲ್ಲಿ, ಒಬ್ಬನೇ ಜೊತೆಗಾರನ ಪಕ್ಕದಲ್ಲಿ ಆಡಿ ಬರುವ ವಿದ್ಯೆಯಲ್ಲ ಎಂದು ನಾನು ನಂಬುತ್ತೇನೆ. ಪ್ರತಿ ಬಾರಿಯೂ ಬೇರೆ ಸ್ವಭಾವದ ಸ್ಟ್ರೈಕರ್, ಅವನ ಓಟಕ್ಕೆ ತಕ್ಕಂತೆ ತನ್ನ ಓಟವನ್ನು ತಿದ್ದಿಕೊಳ್ಳುವ ಕೆಲಸ.

ಉತ್ತರ: ಎಡ ಅಂಚು

ಮೇಲಿನವರ ಮಾತಿನಲ್ಲಿ ಬಹುಪಾಲು ಒಪ್ಪುತ್ತೇನೆ, ಹೊರದೇಶದ ಪ್ರಶ್ನೆಯನ್ನು ಮಾತ್ರ ಅವರು ಮುಟ್ಟಲಿಲ್ಲ. ನಾನು ಮಕ್ಕಳಿಗೆ ತರಬೇತಿ ಕೊಡುವವನು, ಆದ್ದರಿಂದ ಇದನ್ನು ನೇರವಾಗಿ ಹೇಳಬೇಕೆನಿಸುತ್ತದೆ. 2010ರಲ್ಲಿ ಕನ್ಸಾಸ್‌ಗೆ ಹೋದಾಗ ಅವರಿಗೆ ಇಪ್ಪತ್ತೈದು. ಅಲ್ಲಿನ ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಒಂದು ಕಪ್ ಪಂದ್ಯ, ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಸ್ನೇಹಪಂದ್ಯದಲ್ಲಿ ಬದಲಿ ಆಟಗಾರನಾಗಿ ಒಂದಿಷ್ಟು ಹೊತ್ತು. 2012ರಲ್ಲಿ ಸ್ಪೋರ್ಟಿಂಗ್ ಬಿ ತಂಡದಲ್ಲಿ ಆಡಿದ್ದು ಮೂರು ಪಂದ್ಯ. ಸ್ಟ್ರೈಕರ್‌ನ ಅತ್ಯುತ್ತಮ ವಯಸ್ಸದು. ಗೋಲಿನ ಮುಂದಿನ ಅರ್ಧ ಸೆಕೆಂಡಿನ ತೀರ್ಮಾನವನ್ನು ಅಭ್ಯಾಸದ ಮೈದಾನ ಕಲಿಸುವುದಿಲ್ಲ, ಪಂದ್ಯ ಮಾತ್ರ ಕಲಿಸುತ್ತದೆ. ಆ ತಿಂಗಳುಗಳಲ್ಲಿ ಅವರು ಕಳೆದುಕೊಂಡದ್ದು ನಿಜವಾದ ನಷ್ಟ, ಅದಕ್ಕೆ ಹೂವು ಮುಡಿಸುವುದು ಬೇಡ.

ನಿಮ್ಮ ತಂಗಿಗೆ ನನ್ನ ಮಾತು ಇಷ್ಟೇ. ಹೊಸ ಕ್ಲಬ್‌ನ ಹೆಸರು, ಅಂಗಿ, ಮೈದಾನ ನೋಡುವ ಮೊದಲು ‘ನನ್ನ ಜಾಗದಲ್ಲಿ ಈಗ ಯಾರಿದ್ದಾರೆ, ನನಗೆ ಎಷ್ಟು ನಿಮಿಷ ಸಿಗುತ್ತದೆ’ ಎಂದು ಕೇಳಲಿ. ಕೇಳಲು ಸಂಕೋಚ ಬೇಡ.

ಉತ್ತರ: ಮೆಟ್ಟಿಲ ಮೇಲೆ ಕುಳಿತವನು

ನಿಮಿಷಗಳ ಬಗ್ಗೆ ನೀವು ಹೇಳಿದ್ದು ಸರಿ, ಒಪ್ಪಿಕೊಂಡೆ. ಆದರೂ ಎರಡು ವಿಷಯ ಸೇರಿಸಬೇಕು.

ಒಂದನೆಯದು, ಅವರು ಮೊದಲು ಹೊರಟದ್ದು ಅಮೆರಿಕಕ್ಕಲ್ಲ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಮೂರು ವರ್ಷದ ಒಪ್ಪಂದವೇ ಆಗಿತ್ತು. ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ, ಏಕೆಂದರೆ ಭಾರತ ಫಿಫಾ ಪಟ್ಟಿಯ ಮೊದಲ 70ರೊಳಗೆ ಇರಲಿಲ್ಲ. ಅವರ ಕಾಲಿನಲ್ಲಿ ಏನು ಕೊರತೆಯಿತ್ತು ಎಂದು ಯಾರೂ ಹೇಳಲಿಲ್ಲ. ಹಿಂದಿನ ವರ್ಷವಷ್ಟೇ, 2008ರ ಆಗಸ್ಟ್‌ನಲ್ಲಿ, ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ ತಜಿಕಿಸ್ತಾನದ ವಿರುದ್ಧ ಎಎಫ್‌ಸಿ (ಏಷ್ಯಾ ಫುಟ್‌ಬಾಲ್ ಒಕ್ಕೂಟ) ಚಾಲೆಂಜ್ ಕಪ್ ಫೈನಲ್‌ನಲ್ಲಿ ಮೂರು ಗೋಲು ಹೊಡೆದು ಭಾರತವನ್ನು ಏಷ್ಯನ್ ಕಪ್‌ಗೆ ಕರೆದೊಯ್ದಿದ್ದರು. ಆ ನಿರಾಕರಣೆ ನೆನೆದರೆ ನನಗೆ ಈಗಲೂ ಹೊಟ್ಟೆಯುರಿಯುತ್ತದೆ.

ಎರಡನೆಯದು, ಕನ್ಸಾಸ್‌ನ ಬೆಂಚಿನಿಂದ ಎದ್ದು ಬಂದವರು 2011ರ ಜನವರಿಯಲ್ಲಿ ದೋಹಾದ ಅದೇ ಏಷ್ಯನ್ ಕಪ್‌ನಲ್ಲಿ ಬಹರೇನ್ ವಿರುದ್ಧ ಒಂದು, ದಕ್ಷಿಣ ಕೊರಿಯಾ ವಿರುದ್ಧ ಪೆನಾಲ್ಟಿಯಿಂದ ಒಂದು ಗೋಲು ಹೊಡೆದರು. ಪೋರ್ಚುಗಲ್‌ನಿಂದ ಮರಳಿ ಎರವಲು ಆಟಗಾರನಾಗಿ ಚರ್ಚಿಲ್ ಸೇರಿದ ಆ ಋತುವಿನಲ್ಲೇ ಚರ್ಚಿಲ್ ಐ-ಲೀಗ್ ಗೆದ್ದಿತು. ಆಡದೆ ಕುಳಿತವನ ಮೈಯಲ್ಲಿ ಇಷ್ಟು ಕಸುವು ಉಳಿದಿತ್ತೆಂದರೆ, ಅಲ್ಲಿನ ಅಭ್ಯಾಸವೂ ಶಿಸ್ತೂ ಏನನ್ನೂ ಕೊಟ್ಟಿಲ್ಲ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಅಂದ ಹಾಗೆ, ಹೊಸ ಪ್ರೇಕ್ಷಕರೇ, ನಿಮ್ಮ ಪಟ್ಟಿ ಬೆಂಗಳೂರಿಗೆ ಬಂದ ಮೇಲೂ ಮುಗಿಯುವುದಿಲ್ಲ. 2015 ಮತ್ತು 2016ರಲ್ಲಿ ನಮ್ಮ ತಂಡ ಇನ್ನೂ ಐ-ಲೀಗ್‌ನಲ್ಲೇ ಇದ್ದುದರಿಂದ, ಆಗ ಪ್ರತ್ಯೇಕವಾಗಿ ನಡೆಯುತ್ತಿದ್ದ ಐಎಸ್‌ಎಲ್ ತಿಂಗಳುಗಳಲ್ಲಿ ಅವರು ಮುಂಬೈ ಸಿಟಿಗೆ ಆಡಿದರು. ಐಎಸ್‌ಎಲ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಎನಿಸಿಕೊಂಡದ್ದು ಮುಂಬೈ ಅಂಗಿಯಲ್ಲೇ.

ಉತ್ತರ: ಕಾರ್ನರ್ ಬಾವುಟ

ತಂಗಿಗೆ ಇದನ್ನೂ ಹೇಳಿ: ಛೆಟ್ರಿಯ ತಾಯಿ ಮತ್ತು ತಾಯಿಯ ಅವಳಿ ಸಹೋದರಿ ಇಬ್ಬರೂ ನೇಪಾಳದ ಮಹಿಳಾ ತಂಡಕ್ಕೆ ಆಡಿದವರು. ಆ ಮನೆಯಲ್ಲಿ ಚೆಂಡು ಮೊದಲು ಹೆಣ್ಣುಮಕ್ಕಳ ಕಾಲಿನಲ್ಲಿತ್ತು.

ಪ್ರಶ್ನೆ ಕೇಳಿದವರ ಮರುಮಾತು: ಹೊಸ ಪ್ರೇಕ್ಷಕ

ಎಲ್ಲರಿಗೂ ಕೃತಜ್ಞತೆ. ಇಷ್ಟನ್ನೂ ತಂಗಿಗೆ ಓದಿ ಹೇಳಿದೆ. ನೇಪಾಳದ ಮಾತು ಕೇಳಿ ಎರಡು ಸಲ ಓದಿಸಿದಳು. ಅವಳೂ ಈಗ ಎಡಗಡೆಯಿಂದಲೇ ಆಡುತ್ತಾಳೆ, ನಡುವೆ ಅವಳಿಗಿಂತ ಎತ್ತರದ ಹುಡುಗಿಯಿದ್ದಾಳೆ. ‘ನನ್ನನ್ನು ಅಂಚಿಗೆ ತಳ್ಳಿದರು’ ಎಂದು ದೂರುತ್ತಿದ್ದವಳು ನಿನ್ನೆ ಏನೂ ಹೇಳದೆ ಅಭ್ಯಾಸಕ್ಕೆ ಹೋದಳು. ಒಂದು ಕೊನೆಯ ಕೋರಿಕೆ. ಛೆಟ್ರಿಯ ಒಂದೇ ಒಂದು ಪಂದ್ಯವನ್ನು ಅವಳಿಗೆ ತೋರಿಸಬೇಕೆಂದರೆ ಯಾವುದು?

ಉತ್ತರ: ಎಡ ಅಂಚು

2024ರ ಡಿಸೆಂಬರ್ 7, ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ. 4-2. ನಲವತ್ತು ವರ್ಷದ ಮನುಷ್ಯ ಮೂರು ಗೋಲು ಹೊಡೆದ ದಿನ. ಕಾಲಿನ ವೇಗ ತಗ್ಗಿದ ಮೇಲೆ ಸ್ಟ್ರೈಕರ್‌ನಲ್ಲಿ ಏನು ಉಳಿಯುತ್ತದೆ ಎಂಬುದು ಅಲ್ಲಿ ಕಾಣುತ್ತದೆ.

ಉತ್ತರ: ಮೆಟ್ಟಿಲ ಮೇಲೆ ಕುಳಿತವನು

ಅದೂ ಒಳ್ಳೆಯದೇ, ಆದರೆ ನನ್ನ ಆಯ್ಕೆ 2016ರ ಅಕ್ಟೋಬರ್ 19. ಏಷ್ಯಾದ ಕ್ಲಬ್‌ಗಳು ಆಡುತ್ತಿದ್ದ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ, ಎದುರಾಳಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಹಿಂದಿನ ವರ್ಷದ ಚಾಂಪಿಯನ್. ಮಲೇಷ್ಯಾದಲ್ಲಿ ನಡೆದ ಮೊದಲ ಪಂದ್ಯ 1-1 ಆಗಿತ್ತು. ಕಂಠೀರವದಲ್ಲಿ ಮೊದಲ ಗೋಲು ಜೊಹೊರ್ ತಂಡದ್ದೇ. ಗ್ಯಾಲರಿಯಲ್ಲಿ ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕಣ್ಣು ಮುಚ್ಚಿಕೊಂಡು ಕುಳಿತುಬಿಟ್ಟರು. ವಿರಾಮಕ್ಕೆ ಮುನ್ನ ಛೆಟ್ರಿ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. ಐದೂವರೆ ಅಡಿಯ ಆಸುಪಾಸಿನ ಎತ್ತರ ಅವರದು, ಸುತ್ತ ಇದ್ದವರು ಅವರಿಗಿಂತ ದೊಡ್ಡ ಆಳುಗಳು. ದ್ವಿತೀಯಾರ್ಧದಲ್ಲಿ ಪೆನಾಲ್ಟಿ ಆವರಣದ ಹೊರಗಿನಿಂದ ಬಾರಿಸಿದ ಎರಡನೆಯದು ಹೋಗಿ ಬಲೆಗೆ ಬಿದ್ದಾಗ ಆ ಹಿರಿಯರು ನನ್ನ ಭುಜ ಹಿಡಿದು ಅಲುಗಾಡಿಸುತ್ತಿದ್ದರು. ಆಮೇಲೆ ನಮ್ಮ ತಂಡದ ಹುವಾನನ್ ಮೂರನೆಯದನ್ನು ಸೇರಿಸಿದರು. 3-1. ಎಎಫ್‌ಸಿ ಕಪ್ ಫೈನಲ್‌ಗೆ ಭಾರತದ ಕ್ಲಬ್ ಒಂದು ತಲುಪಿದ್ದು ಅದೇ ಮೊದಲು. ದೋಹಾದ ಫೈನಲ್‌ನಲ್ಲಿ ಇರಾಕ್‌ನ ವಾಯುಪಡೆ ತಂಡಕ್ಕೆ 1-0ರಿಂದ ಸೋತೆವು, ಆ ನೋವು ಬೇರೆ.

ತಂಗಿ ನೋಡುವಾಗ ಚೆಂಡಿನ ಹಿಂದೆ ಕಣ್ಣು ಓಡಿಸುವುದು ಬೇಡ. ಮೊದಲ ಅರ್ಧ ಪೂರ್ತಿ ಹನ್ನೊಂದನೇ ಅಂಗಿಯೊಂದನ್ನೇ ನೋಡಲಿ, ಚೆಂಡು ಮೈದಾನದ ಇನ್ನೊಂದು ತುದಿಯಲ್ಲಿದ್ದಾಗಲೂ. ಹೆಡರ್ ಬಂದ ಮೇಲೆ ಹತ್ತು ಸೆಕೆಂಡು ಹಿಂದಕ್ಕೆ ಹೋಗಿ, ಅವರು ಯಾವಾಗ ಹೊರಟರು ಎಂಬುದನ್ನು ಇನ್ನೊಮ್ಮೆ ನೋಡಲಿ.