ಬಿಪಿಗೆ ಆಮ್ಲೋಡಿಪಿನ್ ತಗೊಳ್ಳೋರು ರಾಗಿಮುದ್ದೆ, ಹಾಲು ಬಿಡ್ಬೇಕಾ?

ಕೋಲಾರದ್_ಹೈದ
ಅಪ್ಪಂಗೆ ಬಿಪಿ ಅಂತ ಡಾಕ್ಟ್ರು ಆಮ್ಲೋಡಿಪಿನ್ 5 ಎಂಜಿ ಬರ್ಕೊಟ್ಟಿದಾರೆ. ನೆಂಟ್ರೊಬ್ರು ಬಂದು ಅದು ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ರು, ಕ್ಯಾಲ್ಸಿಯಂ ಅಂದ್ರೆ ಹಾರ್ಟ್‌ಗೆ ವಿಷ, ಮುದ್ದೆ ಹಾಲು ಎರಡೂ ಬಿಟ್ಬಿಡಿ ಅಂದು ಹೋದ್ರು ನೋಡಿ, ಅವತ್ತಿಂದ ಅಪ್ಪ ಎರಡೊತ್ತೂ ಅನ್ನ ತಿಂದ್ಕೊಂಡು ಮುಖ ಗಂಟಾಕ್ಕೊಂಡು ಕೂತವ್ರೆ. ಆದ್ರೆ ಐಸಿಯುನಲ್ಲಿ ಹಾರ್ಟ್ ನಿಲ್ದೇ ಇರ್ಲಿ ಅಂತ ಕ್ಯಾಲ್ಸಿಯಂ ಇಂಜೆಕ್ಷನ್ ಕೊಡ್ತಾರಂತಲ್ಲ? ಯಾವ್ದು ನಿಜ?

ಬ್ಯಾಡಗಿ_ಮೆಣಸಿನಕಾಯಿ
ಕೋಲಾರದೋರಿಗೆ ಮುದ್ದೆ ಬಿಡ್ಸೋದಾ, ಮೊದ್ಲು ಆ ನೆಂಟ್ರ ಬಿಪಿ ಚೆಕ್ ಮಾಡ್ಸಿ 😄

ಫಿಸಿಯಾಲಜಿ_ಮೇಷ್ಟ್ರು
ಧಾರಾಳವಾಗಿ ಮುದ್ದೆ ತಿನ್ಲಿ. ತಿಂದಿದ್ದು ಸೀದಾ ಹಾರ್ಟ್‌ಗೆ ಹೋಗಿ ಕೂರಲ್ಲ, ಕತ್ತಲ್ಲಿರೋ ಪುಟ್ಟ ಗ್ರಂಥಿಗಳ ಪ್ಯಾರಾಥೈರಾಯ್ಡ್ ಹಾರ್ಮೋನು, ಮೂಳೆ, ಕಿಡ್ನಿ ಸೇರ್ಕೊಂಡು ರಕ್ತದ ಕ್ಯಾಲ್ಸಿಯಂನ ಡೆಸಿಲೀಟರ್‌ಗೆ 8.5ರಿಂದ 10.5 ಎಂಜಿ ಆಸುಪಾಸಲ್ಲೇ ಹಿಡಿದಿಡ್ತವೆ.

ಹಾರ್ಟ್ ಸೆಲ್ ಒಳಗಿನ ಆಟವೇ ಬೇರೆ. ಹೊರಗಿಗಿಂತ ಒಳಗೆ ಸುಮಾರು 10,000 ಪಟ್ಟು ಕಮ್ಮಿ ಕ್ಯಾಲ್ಸಿಯಂ ಇರತ್ತೆ. ಬಡಿತದ ಕರೆಂಟ್ ಬಂದ ತಕ್ಷಣ ಮೇಲ್ಪೊರೆಯ ಎಲ್-ಟೈಪ್ ಚಾನೆಲ್ (ಕ್ಯಾಲ್ಸಿಯಂ ಒಳಗೆ ಬಿಡೋ ಬಾಗಿಲು) ತೆರೆದು ಒಂದ್ಚೂರು ಒಳಗೆ ನುಗ್ಗತ್ತೆ, ಅಷ್ಟೇ ಅಂದ್ರೆ ಸ್ನಾಯು ಬಿಗಿಯೋಕೆ ಸಾಲಲ್ಲ, ಆದ್ರೆ ಆ ಚೂರು ಹೋಗಿ ರಯನೋಡಿನ್ ರಿಸೆಪ್ಟರ್ ಅನ್ನೋ ಉಗ್ರಾಣದ ಬಾಗಿಲನ್ನ ತೆರೆಸತ್ತೆ, ಆಗ ಸೆಲ್ಲಿನೊಳಗಿನ ಕ್ಯಾಲ್ಸಿಯಂ ಉಗ್ರಾಣ ಇದ್ಯಲ್ಲ, ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಂ, ಅಲ್ಲಿಂದ ದಬಕ್ಕಂತ ಕ್ಯಾಲ್ಸಿಯಂ ಹೊರಗೆ ಬೀಳತ್ತೆ. ಅದು ಸ್ನಾಯುವಿನ ಟ್ರೊಪೊನಿನ್ ಅನ್ನೋ ಪ್ರೋಟೀನ್‌ಗೆ ಅಂಟ್ಕೊಂಡಾಗ್ಲೇ ಹಾರ್ಟ್ ಬಿಗಿಯೋದು. ಬಿಟ್ಟಿದ್ದನ್ನ ತಕ್ಷಣ ವಾಪಸ್ ಎಳ್ಕೋಬೇಕು, ಇಲ್ಲಾಂದ್ರೆ ಹಾರ್ಟ್ ಸಡಿಲ ಆಗಲ್ಲ, ರಕ್ತ ತುಂಬ್ಕೊಳಲ್ಲ. ಬಹುಪಾಲು ಎಳ್ಕೊಳೋದು ಸರ್ಕಾ ಅನ್ನೋ ಪಂಪು, ಉಳಿದಿದ್ದನ್ನ ಸೋಡಿಯಂ-ಕ್ಯಾಲ್ಸಿಯಂ ಎಕ್ಸ್‌ಚೇಂಜರ್ ಹೊರಗೆ ಹಾಕತ್ತೆ. ಹಾರ್ಟ್ ಫೇಲ್ಯೂರ್‌ನಲ್ಲಿ ಕೈಕೊಡೋದು ಇಲ್ಲೇ. ಸರ್ಕಾ ಕಮ್ಮಿಯಾಗತ್ತೆ, ರಿಸೆಪ್ಟರ್ ಸೋರತ್ತೆ, ಉಗ್ರಾಣ ತುಂಬೋದೇ ಇಲ್ಲ. ಸರ್ಕಾ ಜೀನ್‌ನೇ ಹಾರ್ಟ್‌ಗೆ ಹಾಕಿ ನೋಡಿದ್ರು, ದೊಡ್ಡ ಟ್ರಯಲ್‌ನಲ್ಲಿ ಉಪಯೋಗ ಕಾಣ್ಲಿಲ್ಲ.

ಇದೆಲ್ಲ ಶುರುವಾಗಿದ್ದು 1880ರ ದಶಕದ ಲಂಡನ್ನಲ್ಲಿ. ಸಿಡ್ನಿ ರಿಂಗರ್ ಅನ್ನೋ ವೈದ್ಯ ಕಪ್ಪೆ ಹಾರ್ಟ್‌ನ ಉಪ್ಪುನೀರಲ್ಲಿಟ್ಟು ಬಡಿಸ್ತಿದ್ದ, ಚೆನ್ನಾಗೇ ಬಡೀತಿತ್ತು. ಆಮೇಲೆ ಗೊತ್ತಾಯ್ತು, ಆ ದ್ರಾವಣ ಮಾಡಿದ್ದು ನಲ್ಲಿ ನೀರಲ್ಲಿ ಅಂತ. ಡಿಸ್ಟಿಲ್ಡ್ ವಾಟರಲ್ಲಿ ಮಾಡಿದ್ರೆ ಸ್ವಲ್ಪ ಹೊತ್ತಲ್ಲೇ ಬಡಿತ ನಿಂತೋಗ್ತಿತ್ತು. ನಲ್ಲಿ ನೀರಲ್ಲಿದ್ದ ಸುಣ್ಣದಂಶವೇ ಅದನ್ನ ನಡೆಸ್ತಿತ್ತು. ಆಸ್ಪತ್ರೆ ಡ್ರಿಪ್‌ನ ರಿಂಗರ್ ಲ್ಯಾಕ್ಟೇಟ್‌ನಲ್ಲಿರೋ ರಿಂಗರ್ ಇವನೇ.

ನೈಟ್_ಶಿಫ್ಟ್_ಸಿಸ್ಟರ್
ಇಂಜೆಕ್ಷನ್ ವಿಷ್ಯ ಹೇಳ್ತೀನಿ. ಕಿಡ್ನಿ ಪೇಷಂಟ್‌ಗಳಿಗೆ ಪೊಟ್ಯಾಶಿಯಂ ಏರಿ ಇಸಿಜಿ ಕೆಟ್ಟಾಗ ಕ್ಯಾಲ್ಸಿಯಂ ಗ್ಲುಕೊನೇಟ್ ಕೊಡ್ತೀವಿ, ಅದು ಪೊಟ್ಯಾಶಿಯಂ ಇಳಿಸಲ್ಲ, ಇಳಿಸೋ ಔಷಧಿ ಕೆಲಸ ಶುರು ಮಾಡೋವರೆಗೂ ಹಾರ್ಟ್‌ನ ಕಾಪಾಡತ್ತೆ ಅಷ್ಟೆ. ಆಮ್ಲೋಡಿಪಿನ್ ಮುಖ್ಯವಾಗಿ ಹಿಡಿಯೋದು ರಕ್ತನಾಳದ ಚಾನೆಲ್‌ನ, ನಾಳ ಸಡಿಲ ಆಗತ್ತೆ, ಬಿಪಿ ಇಳಿಯತ್ತೆ. ಹಾರ್ಟ್ ರೇಟ್ ನಿಧಾನ ಮಾಡೋದು ಅದೇ ಜಾತಿಯ ವೆರಪಾಮಿಲ್, ಡಿಲ್ಟಿಯಾಜೆಮ್. ಆಮ್ಲೋಡಿಪಿನ್‌ನಿಂದ ಕೆಲವ್ರಿಗೆ ಕಾಲು ಊದತ್ತೆ, ಅಪ್ಪಂಗೆ ಸಂಜೆ ಹೊತ್ಗೆ ಕಾಲ್ಗಂಟು ಊದ್ಕೊಳತ್ತಾ ನೋಡಿ.

ಶಿರಸಿ_ಕಷಾಯ
ಮೇಷ್ಟ್ರು ರಿಸೆಪ್ಟರ್ ಸೋರತ್ತೆ ಅಂದ್ರಲ್ಲ, ಕೆಲವ್ರಿಗೆ ಅದು ಹುಟ್ಟಿಂದ್ಲೇ ಬಂದಿರತ್ತೆ. ಸಿಪಿವಿಟಿ ಅಂತಾರೆ, ಹಾರ್ಟ್ ಬಡಿತದ ಲಯ ಕೆಡೋ ಕಾಯಿಲೆ. ಕೂತಾಗ ತೆಗೆದ ಇಸಿಜಿ, ಎಕೋ ಎಲ್ಲ ನಾರ್ಮಲ್ಲು, ಆದ್ರೆ ಮಗು ಓಡಿದ್ರೆ, ಈಜಿದ್ರೆ, ಹೆದರಿದ್ರೆ ದಬ್ಬಂತ ಬೀಳತ್ತೆ. ಎಷ್ಟೋ ಸಲ ಫಿಟ್ಸ್ ಅಂದ್ಕೊಂಡು ವರ್ಷಗಟ್ಲೆ ಫಿಟ್ಸ್ ಮಾತ್ರೆ ಕೊಡ್ತಿರ್ತಾರೆ. ಟ್ರೆಡ್‌ಮಿಲ್ ಮೇಲೆ ಓಡ್ಸಿ ಇಸಿಜಿ ತೆಗೆದ್ರೆ ಸಿಕ್ಬೀಳತ್ತೆ. ಓಡೋವಾಗ್ಲೇ ಬೀಳೋ ಮಕ್ಕಳು ಯಾರ ಮನೇಲಾದ್ರೂ ಇದ್ರೆ ಕಾರ್ಡಿಯಾಲಜಿಸ್ಟ್‌ಗೆ ತೋರಿಸ್ದೆ ಇರ್ಬೇಡಿ ದಯವಿಟ್ಟು.

ಕೋಲಾರದ್_ಹೈದ
ಥ್ಯಾಂಕ್ಸ್ ಎಲ್ರಿಗೂ. ಹೌದು ಸಿಸ್ಟರ್, ಸಾಕ್ಸ್ ಬಿಚ್ಚಿದ್ರೆ ಕಾಲಲ್ಲಿ ಗುರುತು ಆಳವಾಗಿ ಬಿದ್ದಿರತ್ತೆ, ವಯಸ್ಸಾಯ್ತಲ್ಲ ಅಂತ ಬಿಟ್ಟಿದ್ವಿ. ಮಾತ್ರೆ ನಿಲ್ಲಿಸ್ಲಾ?

ನೈಟ್_ಶಿಫ್ಟ್_ಸಿಸ್ಟರ್
ನೀವಾಗೇ ನಿಲ್ಲಿಸ್ಬೇಡಿ, ಬರ್ಕೊಟ್ಟ ಡಾಕ್ಟ್ರಿಗೇ ಕಾಲು ತೋರ್ಸಿ, ಡೋಸ್ ಇಳಿಸ್ತಾರೋ ಬೇರೆ ಕೊಡ್ತಾರೋ ಅವ್ರು ನೋಡ್ಕೋತಾರೆ.

ಫಿಸಿಯಾಲಜಿ_ಮೇಷ್ಟ್ರು
ಹೋಗೋವಾಗ ಹಳೇ ಚೀಟಿನೂ ತಗೊಂಡ್ಹೋಗಿ. ಅದ್ರಲ್ಲಿ ಕ್ಲೋರ್ಥಾಲಿಡೋನ್ ಥರದ್ದು (ಮೂತ್ರ ಹೆಚ್ಚಿಸಿ ಬಿಪಿ ಇಳಿಸೋ ಮಾತ್ರೆ) ಇದ್ದು, ಜೊತೆಗೆ ಮಂಡಿನೋವಿಗೆ ಅಂತ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆನೂ ನುಂಗ್ತಿದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಬಹುದು, ಅದನ್ನ ಡಾಕ್ಟ್ರಿಗೆ ಹೇಳ್ಬೇಕು. ಮುದ್ದೆಗೂ ಅದಕ್ಕೂ ಸಂಬಂಧ ಇಲ್ಲ, ಇವತ್ತು ರಾತ್ರಿನೇ ಹಾಕ್ಕೊಡಿ.